ಸೆರಗಿಗೆ ಜೇಬಿಲ್ಲ

ಕ್ಯಾಮೆರಾ ವಿಮರ್ಶೆ ಬರೆಯುವವರೆಲ್ಲ ಪ್ಯಾಂಟು ತೊಡುವವರೇ ಇರಬೇಕು. ಯಾವುದನ್ನು ಓದಿದರೂ ಅಳತೆಗೋಲು ಒಂದೇ: ಇದು ಜೀನ್ಸ್ ಜೇಬಿಗೆ ಸಲೀಸಾಗಿ ಹೋಗುತ್ತದೆ, ಅದು ಕೊಂಚ ದಪ್ಪ, ಕೋಟಿನ ಜೇಬೇ ಆಗಬೇಕು. ಸೀರೆ ಉಡುವವಳು ಏನು ಮಾಡಬೇಕೆಂದು ಒಬ್ಬನೂ ಬರೆದಿಲ್ಲ. ಸೆರಗಿಗೆ ಜೇಬಿಲ್ಲ. ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಬಹುದು. ಕ್ಯಾಮೆರಾ ಸಿಕ್ಕಿಸಿದರೆ ನಿರಿಗೆಯೇ ಇಳಿದುಬರುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಪ್ರವಾಸದ ಕ್ಯಾಮೆರಾ ಎಂದರೆ ವ್ಯಾನಿಟಿ ಬ್ಯಾಗಿನೊಳಗೆ ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ನೀರಿನ ಬಾಟಲಿ, ಮಡಚುವ ಕೊಡೆ, ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಕೊಟ್ಟ ತಾಂಬೂಲದ ಕವರು, ಇಷ್ಟರ ನಡುವೆ ಜಾಗ ಮಾಡಿಕೊಂಡು, ಲೆನ್ಸಿಗೆ ಅಡಿಕೆ ಚೂರು ಸಿಕ್ಕಿಸಿಕೊಳ್ಳದೆ ಬದುಕಬಲ್ಲಂಥದ್ದು.

ಈ ಹುಚ್ಚಿಗೆ ನಾನು ಹೊಸಬಳಲ್ಲ. ಅಣ್ಣ ಮಸ್ಕತ್ತಿನಿಂದ ತಂದುಕೊಟ್ಟ ಪೆಂಟ್ಯಾಕ್ಸ್ ಕೆ1000 ನನ್ನ ಕೊರಳಿಗೆ ಬಿದ್ದದ್ದು ತಾಳಿಗಿಂತ ಮೊದಲು. ಎಲ್ಲವನ್ನೂ ಕೈಯಲ್ಲೇ ಮಾಡಬೇಕಾದ ಯಂತ್ರ ಅದು. ಕಿಂಡಿಯಲ್ಲಿ ಕಣ್ಣಿಟ್ಟರೆ ಬಲಗಡೆಗೆ ಒಂದು ಮುಳ್ಳು. ಬೆಳಕು ಹೆಚ್ಚಾದರೆ ಮೇಲಕ್ಕೆ, ಕಮ್ಮಿಯಾದರೆ ಕೆಳಕ್ಕೆ. ಅಪರ್ಚರ್ ರಿಂಗು ತಿರುಗಿಸಿ, ಶಟರ್ ಡಯಲು ತಿರುಗಿಸಿ, ಆ ಮುಳ್ಳನ್ನು ಪುಸಲಾಯಿಸಿ ನಡುವೆ ತಂದು ನಿಲ್ಲಿಸುವಷ್ಟರಲ್ಲಿ ಎದುರಿಗೆ ನಿಂತವರ ನಗು ಆರಿ, ಅದರ ಜಾಗದಲ್ಲಿ ಸಿಡುಕು ಬಂದು ಕೂತಿರುತ್ತಿತ್ತು. ರೀಲಿಗೆ 36 ಫೋಟೊ. ತುದಿಯನ್ನು ಪೋಲು ಮಾಡದೆ ಜಿಪುಣತನದಿಂದ ಹಾಕಿದರೆ 37, ದೇವರ ದಯೆಯಿದ್ದರೆ 38. ಆ ಎರಡು ಬಿಟ್ಟಿ ಫೋಟೊ ಕೊಡುತ್ತಿದ್ದ ಸಂತೋಷವನ್ನು ಮುಂದೆ ತುಟ್ಟಿಭತ್ಯೆಯ ಬಾಕಿಯೂ ಕೊಡಲಿಲ್ಲ.

ಆಮೇಲೆ ಪಾಠ, ಮೌಲ್ಯಮಾಪನ, ಮಗನ ಎಸ್ಸೆಸ್ಸೆಲ್ಸಿ, ಅತ್ತೆಯ ಮಂಡಿನೋವು. ಕ್ಯಾಮೆರಾ ಬೀರುವಿನ ಮೇಲಿನ ಅರೆ ಸೇರಿತು. ನಿವೃತ್ತಿಯಾದ ಮೇಲೆ ಇಳಿಸಿ ನೋಡಿದರೆ ಲೆನ್ಸಿನೊಳಗೆ ಬೂಷ್ಟು ಬಲೆ ನೇಯ್ದುಕೊಂಡು ಸುಖವಾಗಿತ್ತು. ರಿಪೇರಿಯವನು ಲೆನ್ಸನ್ನು ಬೆಳಕಿಗೆ ಹಿಡಿದು, ‘ಬಿಚ್ಚಿ ತೊಳೀಬಹುದು ಅಮ್ಮ. ಆದ್ರೆ ರೀಲು ಎಲ್ಲಿಂದ ತರ್ತೀರಿ, ತಂದ್ರೂ ಎಲ್ಲಿ ತೊಳೆಸ್ತೀರಿ?’ ಎಂದ. ಅವನ ಮಾತಿನಲ್ಲಿದ್ದ ಮರುಕ ಲೆನ್ಸಿನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಪುಣೆಯಿಂದ ಮಗ ಫೋನಿನಲ್ಲಿ, ‘ಅಮ್ಮ, ಕೈಯಲ್ಲೇ ಫೋನಿದೆಯಲ್ಲ, ಮತ್ತೆ ಕ್ಯಾಮೆರಾ ಯಾಕೆ?’ ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಫೋನು ಒಳ್ಳೆಯ ಚಿತ್ರ ತೆಗೆಯುತ್ತದೆ. ತೆಗೆಯುವುದು ಅದು, ನಾನಲ್ಲ. ಮಬ್ಬುಗತ್ತಲ ಹಜಾರವನ್ನು ಅದು ಮಟಮಟ ಮಧ್ಯಾಹ್ನ ಮಾಡಿಬಿಡುತ್ತದೆ. ನಾನು ಸಂಪಾದಿಸಿದ ಸುಕ್ಕುಗಳನ್ನು ನನ್ನನ್ನು ಕೇಳದೆಯೇ ಇಸ್ತ್ರಿ ಮಾಡುತ್ತದೆ. ಅದೂ ಹೋಗಲಿ ಎಂದರೆ, ಉಸಿರು ಬಿಗಿಹಿಡಿದು ಗುರಿಯಿಟ್ಟ ಗಳಿಗೆಗೇ ಸರಿಯಾಗಿ ‘ಮೇಡಂ, ಪರ್ಸನಲ್ ಲೋನ್ ಬೇಕಾ?’ ಎಂದು ಕರೆ ಬರುತ್ತದೆ. ಪೆಂಟ್ಯಾಕ್ಸು ನನಗೆ ಯಾವತ್ತೂ ಸಾಲ ಕೊಡಲು ಬಂದಿರಲಿಲ್ಲ.

ಹೀಗೆ ಗಟ್ಟಿ ಮನಸ್ಸು ಮಾಡಿ ಪೇಟೆಗೆ ಹೋದರೆ, ನಾನು ಬಿಟ್ಟು ಬಂದಿದ್ದ ಪೇಟೆಯೇ ಅಲ್ಲಿರಲಿಲ್ಲ. 2010ರಲ್ಲಿ ಪ್ರಪಂಚಕ್ಕೆಲ್ಲ ಸೇರಿ ಹತ್ತು ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾ ರವಾನೆಯಾಗಿದ್ದವು. 2023ರ ಹೊತ್ತಿಗೆ ಅದು ಇಪ್ಪತ್ತು ಲಕ್ಷಕ್ಕೂ ಕೆಳಗೆ ಬಂತು. ಫೋನು ಮೊದಲು ನುಂಗಿದ್ದು ಆರೇಳು ಸಾವಿರದ ಬಡ ಕ್ಯಾಮೆರಾಗಳನ್ನು. ಉಳಿದುಕೊಂಡವು ಶ್ರೀಮಂತರ ಮನೆಯವು. ಸೋನಿಯ ಆರ್‌ಎಕ್ಸ್100 ವಂಶದ ಏಳನೆಯ ಕುಡಿಗೆ ಲಕ್ಷದ ಆಸುಪಾಸು. ಫ್ಯೂಜಿಯ ಎಕ್ಸ್100ವಿ 2020ರಲ್ಲಿ ಬಂದಾಗ ಹವ್ಯಾಸಿಗಳ ಪಾಡಿಗೆ ಅದು, ಅದರ ಪಾಡಿಗೆ ಹವ್ಯಾಸಿಗಳು ಇದ್ದರು. ಆಮೇಲೆ ಟಿಕ್‌ಟಾಕಿನ ಹುಡುಗ ಹುಡುಗಿಯರ ಕಣ್ಣಿಗೆ ಬಿದ್ದು ಎಲ್ಲ ಕಡೆ ಖಾಲಿಯಾಯಿತು. ಬಳಸಿದ್ದನ್ನೇ ಹೊಸದಕ್ಕಿಂತ ಹೆಚ್ಚಿಗೆ ಮಾರುವ ಕಾಲ ಬಂತು. ನಮ್ಮ ಸರ್ಕಾರ 2020ರಲ್ಲೇ ನಿಷೇಧಿಸಿದ ಟಿಕ್‌ಟಾಕು ಗಡಿಯಾಚೆ ಕುಳಿತೇ ಸರಸ್ವತಿಪುರದ ಒಬ್ಬ ಪಿಂಚಣಿದಾರಳ ಬಜೆಟ್ಟು ಕೆಡಿಸಬಲ್ಲದೆಂದು ಯಾರೆಣಿಸಿದ್ದರು?

ಬೆಲೆಯ ಗುಟ್ಟು ತಿಳಿಯಲು ಸೆನ್ಸರಿನ ಬೆನ್ನು ಹತ್ತಿದೆ. ಬೆಳಕು ಬೀಳುವ ತಟ್ಟೆ ಅದು. ದೊಡ್ಡದಾದಷ್ಟೂ ಕತ್ತಲಲ್ಲಿ ಚಿತ್ರ ಚೊಕ್ಕ, ಬಿಲ್ಲು ಭಾರ. ಈ ಪೈಕಿ ನಮ್ಮಂಥ ಮಧ್ಯಮವರ್ಗದವರಿಗೆ ಹೇಳಿಸಿದ್ದು ‘ಒಂದಿಂಚಿನ ಸೆನ್ಸರ್’. ಶಾಲೆಯಲ್ಲಿ ಇಂಚು ಎಂದರೆ 25.4 ಮಿಲಿಮೀಟರು ಎಂದು ಕಲಿತವಳು ನಾನು. ಈ ಇಂಚಿನ ಉದ್ದ 13.2 ಮಿ.ಮೀ., ಅಗಲ 8.8. ಮೂಲೆಯಿಂದ ಮೂಲೆಗೆ ದಾರ ಹಿಡಿದರೂ 16ರ ಹತ್ತಿರ ನಿಲ್ಲುತ್ತದೆ. ಉಳಿದ ಒಂಬತ್ತು ಮಿಲಿಮೀಟರ್ ಎಲ್ಲಿ ಹೋಯಿತಪ್ಪ ಎಂದು ಹುಡುಕಿದರೆ, ಹಿಂದಿನ ಕಾಲದ ಟಿ.ವಿ. ಕ್ಯಾಮೆರಾಗಳಲ್ಲಿ ಒಂದಿಂಚು ದಪ್ಪದ ಗಾಜಿನ ಟ್ಯೂಬಿತ್ತಂತೆ. ಅದರೊಳಗೆ ಕೆಲಸಕ್ಕೆ ಬರುವ ಜಾಗ ಇಷ್ಟೇ ಇತ್ತಂತೆ. ಟ್ಯೂಬು ಹೋಯಿತು, ಅದರ ಅಳತೆ ಉಳಿಯಿತು. ಬಿಲ್ಡರು ಲಿಫ್ಟು, ಮೆಟ್ಟಿಲು, ವಾಚ್‌ಮನ್ನನ ಕೋಣೆಯನ್ನೆಲ್ಲ ಸೇರಿಸಿ ‘ಸೂಪರ್ ಬಿಲ್ಟಪ್ ಏರಿಯಾ’ ಲೆಕ್ಕದಲ್ಲಿ ಫ್ಲ್ಯಾಟು ಮಾರುವ ಹಾಗೆಯೇ ಇದು. ಆದರೂ ಮೂವತ್ತು ಪಟ್ಟು ಝೂಮಿನ ಅಗ್ಗದ ಕ್ಯಾಮೆರಾಗಳ ಸೆನ್ಸರಿಗೆ ಹೋಲಿಸಿದರೆ ಇದರ ವಿಸ್ತೀರ್ಣ ನಾಲ್ಕು ಪಟ್ಟು ಎಂದು ತಿಳಿದಾಗ, ಸಿಕ್ಕಷ್ಟು ಇಂಚು ಲಾಭ ಅನ್ನಿಸಿತು.

ಇಷ್ಟಕ್ಕೆ ಮುಗಿಯಲಿಲ್ಲ. ಕ್ಯಾಮೆರಾ ಹಿಡಿದು ಮೊದಲು ಹೋಗುವುದು ಬೇಲೂರಿಗೆ ಎಂದು ನಿಶ್ಚಯವಾಗಿತ್ತು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ, ಪಕ್ಕದ ಮನೆಯವರೇ ದೊಡ್ಡ ಮನುಷ್ಯರಾದರೂ ನಾವು ಮಾತಾಡಿಸಿಕೊಂಡು ಬಂದಿಲ್ಲ ಎಂಬ ಸಂಕಟ ನನ್ನದು. ಆದರೆ ಹೊಯ್ಸಳರ ಶಿಲ್ಪಿಗಳು ಕಾಂಪ್ಯಾಕ್ಟ್ ಕ್ಯಾಮೆರಾದವರ ಕಷ್ಟವನ್ನು ಒಂದಿಷ್ಟೂ ಯೋಚಿಸಿದವರಲ್ಲ. ಬೇಲೂರಿನ 42 ಮದನಿಕೆಯರಲ್ಲಿ 38 ಜನರನ್ನು ಹೊರಗಡೆ ಸೂರಿನ ಕೆಳಗೆ ಎತ್ತರದಲ್ಲಿ ನಿಲ್ಲಿಸಿದ್ದಾರೆ. ಅಲ್ಲೊಬ್ಬಳ ತಲೆಯ ಮೇಲಿನ ಬಳ್ಳಿಯಲ್ಲಿ ನೊಣಕ್ಕೆ ಹೊಂಚು ಹಾಕಿದ ಹಲ್ಲಿಯಿದೆ. ಅದು ಹಲ್ಲಿಯಾಗಿಯೇ ಕಾಣಬೇಕಾದರೆ ಒಳ್ಳೆಯ ಝೂಮು ಬೇಕು. ಒಳಗೆ ನವರಂಗಕ್ಕೆ ಕಾಲಿಟ್ಟರೆ ಕತ್ತಲು. ಅಲ್ಲಿಗೆ ಝೂಮು ಬೇಡ, ಬೆಳಕನ್ನು ಬಾಚಿಕೊಳ್ಳುವ ದೊಡ್ಡ ಬಾಯಿಯ ಲೆನ್ಸು ಬೇಕು. ಟ್ರೈಪಾಡು ಊರಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ. ಫ್ಲ್ಯಾಶ್ ಹೊಡೆದರೆ ಒಂಬೈನೂರು ವರ್ಷ ಮೀರಿದ ಕೆತ್ತನೆಯೂ ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಅಚ್ಚು ಹಾಕಿದಂತೆ ಚಪ್ಪಟೆ.

ಎರಡನ್ನೂ ಒಂದೇ ಪುಟ್ಟ ಡಬ್ಬಿಯಲ್ಲಿ ಅಗ್ಗಕ್ಕೆ ಕೊಡುವ ವಿದ್ಯೆಯನ್ನು ಯಾರೂ ಕಲಿತಿಲ್ಲ. ಸೋನಿಯ ಮೂರನೆಯದನ್ನು ನೋಡಿ: 24ರಿಂದ 70 ಮಿ.ಮೀ. ವ್ಯಾಪ್ತಿ, ಎಫ್ 1.8ರಿಂದ 2.8ರ ಬಾಯಿ. ಏಳನೆಯದರಲ್ಲಿ ಝೂಮು 200ಕ್ಕೆ ಹಿಗ್ಗಿತು. ಬಾಯಿ ಎಫ್ 2.8ರಿಂದ 4.5ಕ್ಕೆ ಕುಗ್ಗಿತು. ರಿಕೋ ಜಿಆರ್ 3 ಇನ್ನೂ ವೈರಾಗ್ಯದ್ದು. 257 ಗ್ರಾಮಿನೊಳಗೆ ಒಂದಿಂಚಿನ ಮೂರು ಪಟ್ಟು ದೊಡ್ಡ ಸೆನ್ಸರು, ಆದರೆ ಝೂಮೇ ಇಲ್ಲ. 28 ಮಿ.ಮೀ. ಒಂದೇ, ಹತ್ತಿರ ಬೇಕಾದರೆ ನೀವೇ ನಡೆದು ಹೋಗಿ. ಮದನಿಕೆಯ ಹತ್ತಿರಕ್ಕೆ ನಡೆದು ಹೋಗಲು ನನಗೆ ಏಣಿ ಬೇಕು, ನನ್ನ ಮಂಡಿಗೆ ಏಣಿ ಬೇಡ.

‘ರೀ, ಏನಂತೀರಿ?’ ಎಂದು ಮನೆಯವರನ್ನು ಕೇಳಿದೆ. ಲೆಕ್ಕಪರಿಶೋಧನೆಯಲ್ಲಿ ಆಯುಷ್ಯ ಕಳೆದವರು ಅವರು. ಪೇಪರು ಕೆಳಗಿಡದೆ, ‘ದುಡ್ಡು ಎಲ್ಲಿಂದ?’ ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಆಧಾರ್ ತೋರಿಸಿದರೆ ಹಾಸನದವರೆಗೂ ನನಗೆ ಶೂನ್ಯ ಟಿಕೆಟ್ಟು. ಹಾಗೆ ಉಳಿಯುವ ಬಸ್ ಚಾರ್ಜನ್ನೆಲ್ಲ ಕ್ಯಾಮೆರಾದ ಖಾತೆಗೆ ಜಮಾ ಮಾಡಿದರೆ ಆಯಿತು. ಅವರು ಪೆನ್ನು ತೆಗೆದು ಪೇಪರಿನ ಅಂಚಿನಲ್ಲಿ ಗುಣಿಸಿ, ಭಾಗಿಸಿ, ‘ಆಗಬಹುದು. ವಾರಕ್ಕೊಮ್ಮೆ ತಪ್ಪದೆ ಹಾಸನಕ್ಕೆ ಹೋಗಿ ಬಾ. ನಿನ್ನ ಎಂಬತ್ತನೇ ವಯಸ್ಸಿಗೆ ಅಸಲು ತೀರತ್ತೆ, ಬಡ್ಡಿ ಮನ್ನಾ’ ಎಂದರು. ಜೊತೆಗೆ ತಾವು ಬರುವುದಾದರೆ ತಮ್ಮದು ಪೂರಾ ಟಿಕೆಟ್ಟು, ಆದ್ದರಿಂದ ತಾವು ಬರದಿರುವುದೇ ಯೋಜನೆಗೆ ಕ್ಷೇಮ ಎಂದೂ ಸೇರಿಸಿದರು.

ಅಷ್ಟರಲ್ಲಿ ತಂಗಿಯ ಮಗಳು ಬಂದಳು. ಮಗ ಹೈಸ್ಕೂಲಿನಲ್ಲಿದ್ದಾಗ ಕೊಂಡ, ಪೆನ್ಸಿಲ್ ಸೆಲ್ಲು ತಿನ್ನುವ ಹಳೇ ಡಿಜಿಟಲ್ ಕ್ಯಾಮೆರಾವನ್ನು ಮೊರದ ಹಿಂದಿನಿಂದ ಎತ್ತಿಕೊಂಡು, ‘ದೊಡ್ಡಮ್ಮ, ಇದು ಸೂಪರ್! ನಂಗೆ ಕೊಡಿ’ ಎಂದು ಕುಣಿದಳು. ಅದರ ಚಿತ್ರದಲ್ಲಿ ಮುಖಗಳು ಸುಣ್ಣ ಬಳಿದ ಹಾಗೆ ಬರುತ್ತವಲ್ಲೇ ಎಂದೆ. ‘ಅದೇ ಬೇಕಾಗಿರೋದು ದೊಡ್ಡಮ್ಮ, ಅದೇ ಈಗ ಫ್ಯಾಷನ್ನು’ ಎಂದಳು. ಯಾವ ಸುಣ್ಣವನ್ನು ತೊಲಗಿಸಲು ನಾನು ಸೆನ್ಸರು, ಅಪರ್ಚರು ಎಂದು ಹಗಲಿರುಳು ಒದ್ದಾಡುತ್ತಿದ್ದೆನೋ ಅದನ್ನು ಅವಳು ಪುಕ್ಕಟೆಯಾಗಿ ಹೊಡೆದುಕೊಂಡು ಹೋದಳು. ನಾಲ್ಕು ಸೆಲ್ಲಿಗೆ ನನ್ನಿಂದಲೇ ದುಡ್ಡನ್ನೂ ಇಸಿದುಕೊಂಡಳು.

ಆ ಕ್ಯಾಮೆರಾ ಹುಡುಕುವಾಗ ಮೊರದ ಹಿಂದಿನಿಂದಲೇ ಹಳೇ ಆಲ್ಬಮ್ಮುಗಳೂ ಉರುಳಿದವು. ಅಂಟಿನ ಹಾಳೆ ಹಳದಿಗಟ್ಟಿ, ಮ್ಯಾಕ್ಸಿ ಸೈಜಿನ ಪ್ರಿಂಟುಗಳು ಕಿತ್ತರೂ ಬರುತ್ತಿರಲಿಲ್ಲ. ವಿಮರ್ಶೆ ಓದುವುದು ಬಿಟ್ಟು, ನಾನು ನಿಜವಾಗಿ ಏನೇನು ತೆಗೆದಿದ್ದೇನೆ ಎಂದು ನೋಡುತ್ತ ಹೋದೆ. ಗೋಳಗುಮ್ಮಟ: ಎದುರಿಗೆ ಸ್ವೆಟರು ಹಿಡಿದುಕೊಂಡ ಅತ್ತಿಗೆ. ಹಳೇಬೀಡು: ಭಾವನವರ ಸಂಸಾರ ಸಾಲಾಗಿ ನಿಂತು, ಅಷ್ಟು ದೊಡ್ಡ ನಂದಿಯ ಬಾಲ ಮಾತ್ರ ಉಳಿದಿದೆ. ಜೋಗ: ರಾಜ ಚಿಕ್ಕಪ್ಪನ ಎಡಗಿವಿಯ ಪಕ್ಕ ಧುಮುಕುತ್ತಿದ್ದಾನೆ, ರಾಣಿ ಬಲಗಿವಿಯ ಪಕ್ಕ, ರೋರರ್ ಮತ್ತು ರಾಕೆಟ್ ಎರಡೂ ಅವರ ಮಫ್ಲರಿನ ಹಿಂದೆ ಮಾಯ. ಹೊಯ್ಸಳರ ಹಲ್ಲಿಯಾಗಲಿ, ರಂಗನತಿಟ್ಟಿನ ಕೊಕ್ಕರೆಯಾಗಲಿ ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ. ನನ್ನ ಛಾಯಾಗ್ರಹಣದ ವಸ್ತು ನೆಂಟರು. ಮತ್ತೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಕ್ಯಾಮೆರಾ ಯಾವಾಗಲೂ ನನ್ನ ಕೈಯಲ್ಲಿದ್ದುದರಿಂದ, ಈ ಆಲ್ಬಮ್ಮು ನೋಡಿದ ಅಪರಿಚಿತರು ನಮ್ಮ ಮನೆಯವರನ್ನು ವಿಧುರರೆಂದೇ ತಿಳಿಯಬೇಕು.

ತೀರ್ಮಾನ ಅಲ್ಲೇ ಆಗಿಹೋಯಿತು. ನೆಂಟರಿಗೆ 24ರಿಂದ 70 ಧಾರಾಳ. ಛತ್ರದ ಊಟದ ಮನೆಯ ಕತ್ತಲಿಗೆ, ನವರಂಗಕ್ಕೂ ಸೇರಿಸಿ, ಎಫ್ 1.8. ಬಿಸಿಲಲ್ಲಿ ಪರದೆ ಕಾಣದೆ ಚಾಳೀಸು ಹುಡುಕುವುದು ತಪ್ಪಲು ಕಣ್ಣಿಡುವ ಕಿಂಡಿ. ನಾನೂ ಒಂದು ಫೋಟೊದಲ್ಲಿ ಬದುಕಿರುವಂತೆ ಕಾಣಲು ಮುಂದಕ್ಕೆ ತಿರುಗುವ ಪರದೆ. ಇವಿಷ್ಟೂ ಇರುವುದು 2014ರ ಆ ಮೂರನೆಯ ಕುಡಿಯಲ್ಲಿ, 290 ಗ್ರಾಮಿನೊಳಗೆ. ಮದನಿಕೆಯ ಹಲ್ಲಿಯನ್ನು ಕಣ್ಣಲ್ಲೇ ನೋಡಿ ಬರುವುದೆಂದು ಒಪ್ಪಂದವಾಯಿತು.

ಬಳಸಿದ ಕ್ಯಾಮೆರಾ ಕೊಳ್ಳುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಆನ್ ಮಾಡಿ ಕಿವಿಗೆ ಹಿಡಿಯಬೇಕು. ಲೆನ್ಸು ಹೊರಬರುವಾಗ ಕರಕರ ಎಂದರೆ ಮರಳು ಹೊಕ್ಕಿದೆ ಎಂದರ್ಥ. ಬ್ಯಾಟರಿ ಉಬ್ಬಿದೆಯೇ ಎಂದು ಮೇಜಿನ ಮೇಲಿಟ್ಟು ತಿರುಗಿಸಿ ನೋಡಬೇಕು. ಕೊನೆಗೆ ಅಪರ್ಚರನ್ನು ಎಫ್ 11ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಫೋಟೊ ತೆಗೆದು ಹಿಗ್ಗಿಸಿದರೆ, ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸು ಬಿಚ್ಚಲಾಗದ ಕ್ಯಾಮೆರಾದಲ್ಲಿ ಒಳಗಿನ ಧೂಳು ಸುಲಭಕ್ಕೆ ಹೋಗುವಂಥದ್ದಲ್ಲ. ನಾನು ಅಂಗಡಿಯ ಗೋಡೆಗೆ ಗುರಿಯಿಟ್ಟು ಒಂದರ ಮೇಲೊಂದು ತೆಗೆಯುವುದನ್ನು ನೋಡಿ ಹುಡುಗ, ‘ಏನ್ ಮೇಡಂ, ಪೇಂಟ್ ಕಲರ್ ಇಷ್ಟ ಆಯ್ತಾ?’ ಎಂದ. ಚಿತ್ರ ಹಿಗ್ಗಿಸಿ, ಮೇಲಿನ ಮೂಲೆಯ ಕಪ್ಪು ಚುಕ್ಕೆ ತೋರಿಸಿ, ‘ಇದೇನಪ್ಪ? ಬೆಲೆ ಇಳಿಸು’ ಎಂದೆ. ಅವನು ಪರದೆ ನೋಡಿದ, ಗೋಡೆ ನೋಡಿದ, ಅಂಗೈಯಿಂದ ಪಟ್ಟನೆ ಬಡಿದ. ‘ಸೊಳ್ಳೆ ಮೇಡಂ. ಈಗ ತೆಗೀರಿ.’ ಅಷ್ಟು ದೂರದ ಸೊಳ್ಳೆಯನ್ನು ಹಿಡಿದುಕೊಟ್ಟ ಲೆನ್ಸಿಗೆ ಇನ್ನು ಬೆಲೆ ಇಳಿಸು ಎನ್ನುವ ಬಾಯಿ ನನಗಿರಲಿಲ್ಲ. ಹೊಸ ಏಳನೆಯದರ ಅರ್ಧಕ್ಕಿಂತ ಕಮ್ಮಿಗೆ, ಬಿಲ್ಲು ಸಮೇತ ತಂದೆ.

ನನ್ನ ಹಾಗೆ ತಿರುಗಿ ಈ ಹುಚ್ಚಿಗೆ ಬೀಳುವವರು ಸಲಹೆ ಕೇಳಿದರೆ ಕ್ಯಾಮೆರಾದ ಹೆಸರು ಹೇಳುವುದಿಲ್ಲ. ಮೊದಲು ಮನೆಯ ಆಲ್ಬಮ್ಮು ತೆಗೆಯಿರಿ ಎನ್ನುತ್ತೇನೆ. ಅದರಲ್ಲಿ ಹಕ್ಕಿಗಳಿದ್ದರೆ ಝೂಮು ಕೊಳ್ಳಿ. ಗುಡಿಯ ಒಳಮಾಳಿಗೆಯಿದ್ದರೆ ದೊಡ್ಡ ಸೆನ್ಸರಿಗೆ ಸಾಲ ಮಾಡಿ. ಚಿಕ್ಕಪ್ಪ ಇದ್ದರೆ ಝೂಮಿಗೆ ದುಡ್ಡು ಹಾಕಬೇಡಿ. ಕ್ಯಾಮೆರಾ ಹೊರಗೆ ತೆಗೆದರೆ ಸಾಕು, ಚಿಕ್ಕಪ್ಪ ತಾವಾಗಿಯೇ ಹತ್ತಿರ ಬರುತ್ತಾರೆ.