ಮುಂಗಡದ ಯಜಮಾನರು

ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ರಸ್ತೆಯಲ್ಲಿ, ಭದ್ರಾ ನಾಲೆಯ ಕೃಪೆಯಿಂದ ಭತ್ತವನ್ನೂ ಅಡಿಕೆಯನ್ನೂ ಬೆಳೆದು ಸಂಪನ್ನವಾಗಿರುವ ತ್ಯಾವಣಿಗೆಯಂತಹ ಊರಿನಲ್ಲಿ, ತೋಟದ ಹುಟ್ಟುವಳಿಯಿಂದ ಮೊದಲು ತಮಗೊಂದು ಮನೆಯನ್ನು ಕಟ್ಟಿಸಿ, ಅನಂತರ ಅದರ ಮಗ್ಗುಲಿಗೆ ನಾಲ್ಕು ಬಾಡಿಗೆ ಮನೆಗಳನ್ನೂ ಎಬ್ಬಿಸಿ, ವರ್ಗವಾಗಿ ಬರುವ ಮೇಷ್ಟರು, ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ದಾದಿಯರು ಮೊದಲಾದ ಪರಸ್ಥಳದ ಜೀವಿಗಳಿಗೆ ಆಶ್ರಯದಾತರಾಗಿರುವ ಯಜಮಾನರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಲೋಭಿಗಳೆಂದು ಯಾರಾದರೂ ಕರೆದರೆ ನಾನು ಒಪ್ಪಲಾರೆ. ಬಾಡಿಗೆಯವರ ಮಗುವಿಗೆ ಜ್ವರ ಬಂದರೆ ಅಪರಾತ್ರಿಯಲ್ಲಿ ತಮ್ಮ ಕಾರನ್ನು ಹೊರಡಿಸುವವರು ಅವರೇ. ಸುಗ್ಗಿ ಮುಗಿದೊಡನೆ ಹೊಸ ಅಕ್ಕಿಯನ್ನು ಕಳುಹಿಸುವವರೂ ಅವರೇ. ಬೇಡಿದುದನ್ನೆಲ್ಲ ಕರುಣಿಸುವ ಈ ಕಲ್ಪವೃಕ್ಷದಿಂದ ಸುಲಭವಾಗಿ ಉದುರದ ಫಲವೆಂದರೆ, ಬಾಡಿಗೆದಾರನು ಒಳಗೆ ಬರುವಾಗ ತಾನೇ ಕೊಟ್ಟ ಮುಂಗಡವೊಂದೇ.

ಆ ಮುಂಗಡವನ್ನು ಸ್ವೀಕರಿಸುವ ಕಾಲದಲ್ಲಿ ಯಜಮಾನರ ಮುಖದಲ್ಲಿ ತೋರುವ ವೈರಾಗ್ಯವು ದರ್ಶನಯೋಗ್ಯವಾದುದು. ತಿಂಗಳಿಗೆ 4,000 ರೂಪಾಯಿ ಬಾಡಿಗೆಯ ಮನೆಗೆ 30,000 ರೂಪಾಯಿಯನ್ನು ಎಣಿಸಿಕೊಂಡು, ದೇವರ ಮುಂದೆ ಇರಿಸಿ ಕೈಮುಗಿದು, "ಈ ದುಡ್ಡು ನಮ್ದಲ್ಲ ಮೇಷ್ಟ್ರೇ, ನಿಮ್ದೇ. ಸುಮ್ನೆ ನಮ್ಮತ್ರ ಇರ್ತತಿ ಅಷ್ಟೆ" ಎನ್ನುತ್ತಾರೆ. ಬಳಿಕ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಸಿದ್ಧವಾಗುತ್ತದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆಯು ವಿಧಿಸಿರುವುದರಿಂದ, ನಮ್ಮ ದೇಶದ ಬಾಡಿಗೆದಾರನಿಗೆ ವರ್ಷವೆಂದರೆ ಹನ್ನೊಂದೇ ಮಾಸ. ಬಾಡಿಗೆಯು ಯಾವ ತಾರೀಖಿನೊಳಗೆ ಸಲ್ಲತಕ್ಕದ್ದೆಂಬುದು ಆ ಪತ್ರದಲ್ಲಿ ಸುಸ್ಪಷ್ಟವಾಗಿರುತ್ತದೆ. ಮುಂಗಡವು ಯಾವ ತಾರೀಖಿನೊಳಗೆ ಹಿಂದಿರುಗತಕ್ಕದ್ದೆಂಬುದನ್ನು ಬರೆಯಲು ಮಾತ್ರ ಕಾಗದದಲ್ಲಿ ಸ್ಥಳ ಉಳಿದಿರುವುದಿಲ್ಲ.

ದೇವರ ಮುಂದಿನಿಂದ ಆ ಹಣವು ನೇರವಾಗಿ ತೋಟಕ್ಕೆ ಹೋಗುತ್ತದೆ. ಬೇಸಗೆಯಲ್ಲಿ ನಾಲೆಯ ನೀರು ನಿಂತು ಅಡಿಕೆಯ ಸಿಂಗಾರ ಒಣಗತೊಡಗಿದಾಗ ಹೊಸ ಕೊಳವೆಬಾವಿ ತೆಗೆಸಬೇಕಲ್ಲವೆ? ಹೀಗೆ ಮೇಷ್ಟರ ಮುಂಗಡವು ಭೂಗರ್ಭದಲ್ಲಿ 500 ಅಡಿ ಇಳಿದು, ನೀರು ಸಿಕ್ಕರೂ ಸಿಗದಿದ್ದರೂ ಅಲ್ಲಿಯೇ ಲೀನವಾಗುತ್ತದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆಂದು ಕೇಂದ್ರ ಸರಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ಹೇಳುತ್ತದೆಂದು ಮೇಷ್ಟರೊಮ್ಮೆ ಸೂಚಿಸಲಾಗಿ, ಯಜಮಾನರು, "ಮಾದರಿ ಅಂದ್ಮೇಲೆ ನೋಡಾಕಲ್ಲೇನ್ರಿ ಇರೋದು?" ಎಂದರು. ರಾಜ್ಯವು ತನ್ನದಾಗಿ ಅಂಗೀಕರಿಸುವತನಕ ಮಾದರಿ ಕಾಯಿದೆಯು ಯಾರನ್ನೂ ಬಂಧಿಸಲಾರದಾದ್ದರಿಂದ, ನ್ಯಾಯಶಾಸ್ತ್ರದ ದೃಷ್ಟಿಯಿಂದಲೂ ಅವರ ಉತ್ತರವು ನಿರ್ದುಷ್ಟವಾಗಿಯೇ ಇದ್ದಿತು.

ಕಷ್ಟವು ಪ್ರಾರಂಭವಾಗುವುದು ಮೇಷ್ಟರಿಗೆ ನ್ಯಾಮತಿಗೆ ವರ್ಗವಾದಾಗ. ಅಲ್ಲಿನ ಯಜಮಾನರು ಬೀಗದ ಕೈಯನ್ನು ಕೊಡುವ ಮೊದಲೇ ಮುಂಗಡವನ್ನು ಬಯಸುತ್ತಾರೆ. ಇಲ್ಲಿನ ಯಜಮಾನರೋ, ಮುಂದಿನ ಬಾಡಿಗೆದಾರನು ತಂದ ಮುಂಗಡವನ್ನೇ ಹಿಂದಿನವನಿಗೆ ಕೊಡುವ ಸನಾತನ ಸಂಪ್ರದಾಯದವರು. ಆಷಾಢದಲ್ಲಿ ಯಾರೂ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದಿಲ್ಲ. ಶ್ರಾವಣದಲ್ಲಿ ನೋಡಲು ಬಂದವರಿಗೆ ಬಾಗಿಲಿನ ದಿಕ್ಕು ಹಿಡಿಸುವುದಿಲ್ಲ. ಆ ಮೇಲೆ ಪಿತೃಪಕ್ಷ. ಅದೂ ಕಳೆದರೆ, "ಖೇಣಿ ಲೆಕ್ಕ ಒಂದು ಚುಕ್ತಾ ಆಗ್ಲಿ" ಎನ್ನುತ್ತಾರೆ. ಖೇಣಿದಾರರು ಲೆಕ್ಕ ತೀರಿಸಿದರೆ, "ರಾಶಿ ಅಡಿಕೆ ಧಾರಣೆ ಇನ್ನೊಂದೀಟು ಏರ್ಲಿ" ಎನ್ನುತ್ತಾರೆ. ತೋಟದ ಫಸಲನ್ನು ಕೊಯ್ಲಿಗೆ ಮುನ್ನವೇ ಹಿಡಿದ ಆ ಖೇಣಿದಾರರಿಂದ ಯಜಮಾನರು ತಾವು ಪಡೆದ ಮುಂಗಡವನ್ನು ಎಂದಾದರೂ ಹಿಂದಿರುಗಿಸಿದ್ದುಂಟೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಒಮ್ಮೆ ಮೇಷ್ಟರು ತುಸು ಖಾರವಾಗಿ ಮಾತನಾಡಿದಾಗ ಯಜಮಾನರು ನೊಂದು, "1997ನೇ ಇಸ್ವಿಯಾಗೆ ನಮ್ಮ ಚನ್ನಗಿರಿ ತಾಲ್ಲೂಕೇ ಶಿವಮೊಗ್ಗ ಬಿಟ್ಟು ದಾವಣಗೆರೆಗೆ ಬಂತು, ಅದೇನಾದ್ರೂ ಅಡ್ವಾನ್ಸ್ ವಾಪಸ್ ಕೇಳ್ತೇನ್ರಿ?" ಎಂದು ಪ್ರಶ್ನಿಸಿ, ಇತಿಹಾಸವನ್ನು ತಮ್ಮ ಪಕ್ಷಕ್ಕೆ ಸೆಳೆದುಕೊಂಡರು.

ಅಂತೂ ಕಾರ್ತಿಕದಲ್ಲಿ ಹೊಸ ಬಾಡಿಗೆದಾರನು ಒದಗಿ, ನ್ಯಾಮತಿಯಲ್ಲಿರುವ ಮೇಷ್ಟರಿಗೆ ಕರೆ ಹೋಗುತ್ತದೆ. ಇನ್ನು ಉಳಿದಿರುವುದು ಮುರಿದುಕೊಳ್ಳುವ ಶಾಸ್ತ್ರ. ಕ್ಯಾಲೆಂಡರಿಗೆ ಹೊಡೆದ ಮೊಳೆಗಳು, ತೊಟ್ಟಿಕ್ಕುವ ನಲ್ಲಿ, ಒಲೆಯ ಹಿಂದಿನ ಎಣ್ಣೆಯ ಜಿಡ್ಡು ಇವೆಲ್ಲದರ ಜಾತಕ ಬರೆಯಲ್ಪಡುತ್ತದೆ. ವಾಸದಿಂದ ಸಹಜವಾಗಿ ಸಂಭವಿಸುವ ಸವೆತಕ್ಕೆ ಬಾಡಿಗೆದಾರನು ಹೊಣೆಯಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಸಾರಿದ್ದರೂ, ನಲ್ಲಿಗೆ ಕಾಯಿದೆಯನ್ನು ಓದಿ ಹೇಳುವವರು ಯಾರು? ಆದರೂ ಯಜಮಾನರು ದಾಕ್ಷಿಣ್ಯದವರಾದ್ದರಿಂದ ಇಷ್ಟು ವರ್ಷ ಒಂದೊಂದು ಮೊಳೆಗೂ ಸಂಕೋಚಪಡುತ್ತ, 1,500 ರೂಪಾಯಿಗಿಂತ ಮೇಲೆ ಹೋಗಲಾರದೆ ಉಳಿದಿದ್ದರು.

ಆ ಸಂಕೋಚವನ್ನು ಕಳೆದವನು ಅವರ ಮಗ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು ಮನೆ ಹಿಡಿದಿದ್ದ ಆತನು ಅದನ್ನು ಬಿಡುವಾಗ, ಅಲ್ಲಿನ ಮಾಲೀಕನು ಬಣ್ಣದ ಬಾಬತ್ತೆಂದು ಒಂದು ತಿಂಗಳ ಬಾಡಿಗೆಯನ್ನು ಸಾರಾಸಗಟಾಗಿ ಮುರಿದುಕೊಂಡನಂತೆ. ಮೇಷ್ಟರು ಹಣಕ್ಕಾಗಿ ಬಂದ ದಿನ ಯಜಮಾನರು ಈ ಅನ್ಯಾಯವನ್ನು ಕಣ್ಣಲ್ಲಿ ನೀರು ತಂದುಕೊಂಡು ವರ್ಣಿಸತೊಡಗಿದರು. ವರ್ಣಿಸುತ್ತ ವರ್ಣಿಸುತ್ತ ಅವರ ಧ್ವನಿಯು ಶೋಕದಿಂದ ವಿಸ್ಮಯಕ್ಕೆ, ವಿಸ್ಮಯದಿಂದ ಭಕ್ತಿಗೆ ಏರಿತು. "ಗೋಡೆ ಕಡಿಗೆ ತಿರುಗೂ ನೋಡ್ಲಿಲ್ಲಂತೆ ಮೇಷ್ಟ್ರೇ! ಮೊದ್ಲೇ ಕಾಗದದಾಗೆ ಬರ್ಸಿಟ್ಟಿದ್ನಂತೆ!" ಎಂದು ಕ್ಷಣಕಾಲ ಮೌನವಾಗಿದ್ದು, ಬೆರಳು ಮಡಿಚಿ ಎಣಿಸಿ ಮುಂದುವರಿಸಿದರು: "ಹುಡುಗಂದು ಅಲ್ಲಿ ಹೋಗಿದ್ದು 16,000. ನಮ್ಮವು ನಾಲ್ಕು ಮನಿ, ತಲಾ 4,000. ನಿಮ್ದ್ರಿಂದ್ಲೇ ಶುರು ಮಾಡಾಣ. ಲೆಕ್ಕ ಸರಿಹೋಗ್ತತಿ ಬಿಡ್ರಿ."

ಮೇಷ್ಟರು ಗಣಿತದವರು, ಲೆಕ್ಕವು ಸರಿಯಾಗಿಯೇ ಇದ್ದುದರಿಂದ ಅವರು ಪ್ರತಿಯಾಡಲಾರದೆ ಹೋದರು.