ಕಂಕನಾಡಿಯ ಸಕ್ಕರೆ ಗುಳಿಗೆ

ಮೊನ್ನೆ ಆಚೆಮನೆಯ ಅಕ್ಕ ಬೇಲಿ ಪಕ್ಕ ನಿಂತು ಪುಟ್ಟ ಸೀಸೆಯೊಂದನ್ನು ಅಲ್ಲಾಡಿಸಿ ಅಂಗೈಗೆ ಗುಳಿಗೆ ಉದುರಿಸುತ್ತಿದ್ದರು. ನಾಲ್ಕು ಬೇಕಾದರೆ ಹನ್ನೊಂದು ಬೀಳುವುದು ಅದರ ಜಾಯಮಾನ. ಮಿಕ್ಕಿದ್ದನ್ನು ವಾಪಸು ತುಂಬಲು ಹೋದರೆ ಎರಡು ತುಳಸಿಕಟ್ಟೆಯ ಬುಡಕ್ಕೆ.

"ಎಂತದಕ್ಕಾ ಅದು?" ಅಂದೆ.

"ಮುಲ್ಲರ್ಸ್‌ನದ್ದು ಮಾರಾಯ್ರೆ, ಶೀತಕ್ಕೆ."

ಶೀತವಿಲ್ಲದಿದ್ದರೂ ನನ್ನ ಬಾಯಲ್ಲಿ ನೀರೂರಿತು. ನಮ್ಮಜ್ಜಿಯ ಟ್ರಂಕಿನಲ್ಲೂ ಇಂಥದೇ ಸೀಸೆಗಳಿದ್ದವು. ಒಮ್ಮೆ ತಮ್ಮ ಒಂದು ಸೀಸೆಯನ್ನು ಪೂರ್ತಿ ಮುಕ್ಕಿದ. ಅಜ್ಜಿ ಹೌಹಾರಿ ರಾತ್ರಿಯಿಡೀ ಅವನ ಪಕ್ಕ ಕೂತರು. ಅವನು ಗೊರಕೆ ಹೊಡೆದು ಬೆಳಿಗ್ಗೆ ಎದ್ದು ದೋಸೆ ಕೇಳಿದ. "ಮದ್ದು ಅಂದಮೇಲೆ ಎಂತಾದರೂ ಆಗಬೇಕಿತ್ತಲ್ವಾ?" ಎಂದು ಅಜ್ಜಿಗೆ ಒಳಗೊಳಗೇ ಬೇಜಾರು.

ಹೇಳಹೊರಟದ್ದು ಈ ಗುಳಿಗೆಯ ಹಿಂದಿನ ಪಾದ್ರಿಯ ಕತೆ. ಅಗಸ್ಟಸ್ ಮುಲ್ಲರ್ ಎಂಬ ಜೆಸ್ವಿತ್ ಪಾದ್ರಿ ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ 31ಕ್ಕೆ. ವರ್ಷ ಮುಗಿಯುವ ದಿನ ಬಂದ ನೆಂಟ! 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡತೊಡಗಿದರು. ಹೋಮಿಯೋಪತಿ ಹುಟ್ಟಿದ್ದೂ ಜರ್ಮನಿಯಲ್ಲಿ, ಪಾದ್ರಿಯೂ ಜರ್ಮನಿಯವರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಮದ್ದಿಗೆ ಮುಲ್ಲರ್ ಅಂತ ಹೆಸರು ಬೇರೆ.

ನಮ್ಮೂರಿಗೂ ಜರ್ಮನಿಯವರಿಗೂ ಎಂಥದೋ ಋಣಾನುಬಂಧ ನೋಡಿ. ತಲೆ ಮೇಲಿನ ಹಂಚು ಬಾಸೆಲ್ ಮಿಶನ್ನಿನವರದ್ದು, ಕಪಾಟಿನ ನಿಘಂಟು ಕಿಟ್ಟೆಲ್ ಸಾಹೇಬರದ್ದು, ನಾಲಗೆ ಕೆಳಗಿನ ಗುಳಿಗೆ ಈ ಪಾದ್ರಿಯದ್ದು. ಅವರು ಪ್ರಾಟೆಸ್ಟೆಂಟರು, ಇವರು ಕೆಥೋಲಿಕರು. ಹಂಚಿಗೂ ಗುಳಿಗೆಗೂ ಆ ಭೇದ ಗೊತ್ತಾಗಬೇಕಲ್ಲ!

ಆದರೆ ಗುಳಿಗೆ ಕೊಟ್ಟು ಮನೆಗೆ ಕಳಿಸಬಹುದು. ಮನೆಯೇ ಇಲ್ಲದವರನ್ನು ಎಲ್ಲಿಗೆ ಕಳಿಸುವುದು? ಕುಷ್ಠ ಹಿಡಿದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲ. ಊಟದ ಬಟ್ಟಲನ್ನು ದೂರದಿಂದ ನೂಕುತ್ತಿದ್ದರಂತೆ. ಅಂಥವರಿಗಾಗಿ 1890ರಲ್ಲಿ ಆಶ್ರಯ ಎದ್ದಿತು. ಪ್ಲೇಗು ಬಂದಾಗ, 1902ರಲ್ಲಿ, ಪ್ಲೇಗಿನವರಿಗೂ ಒಂದು ಆಸ್ಪತ್ರೆ. ಪ್ಲೇಗೆಂದರೆ ಜನ ಊರು ಬಿಟ್ಟು ಓಡುವ ಕಾಯಿಲೆ ಅಲ್ವಾ? ಇವರು ಅದನ್ನು ಬರಮಾಡಿಕೊಂಡು ಮಂಚ ಹಾಕಿದರು. ಅಷ್ಟು ಗುಂಡಿಗೆ ನನಗಂತೂ ಇಲ್ಲ. ಪಾದ್ರಿ 1910ರ ನವೆಂಬರ್ 1ಕ್ಕೆ ತೀರಿಕೊಂಡರು.

ಈಗ ಕಂಕನಾಡಿಯಲ್ಲಿ ಆಲದ ಮರದ ನೆರಳಿಗಿಂತ ಕಟ್ಟಡದ ನೆರಳೇ ಉದ್ದ. ಮಂಗಳೂರು ಧರ್ಮಪ್ರಾಂತ್ಯದವರು ನಡೆಸುವ ಆಸ್ಪತ್ರೆಯಲ್ಲಿ ಸಾವಿರಕ್ಕೂ ಮಿಕ್ಕಿ ಹಾಸಿಗೆ, ಸ್ಕ್ಯಾನು, ಐಸಿಯು, 1999ರಿಂದ ಮೆಡಿಕಲ್ ಕಾಲೇಜು. ಸಕ್ಕರೆ ಗುಳಿಗೆ ಹೊತ್ತುಕೊಂಡು ಹುಟ್ಟಿದ ಮನೆಯಲ್ಲಿ ಇಂಗ್ಲಿಷ್ ಮದ್ದೇ ಯಜಮಾನನಾಗಿದೆ. ಗುಳಿಗೆಯವರು ದೇರಳಕಟ್ಟೆಯಲ್ಲಿ ಬೇರೆ ಮನೆ ಮಾಡಿದ್ದಾರೆ: ಹೋಮಿಯೋಪತಿ ಕಾಲೇಜೂ ಅಲ್ಲೇ, ಮದ್ದು ತಯಾರಿಸುವುದೂ ಅಲ್ಲೇ. ಅಣ್ಣತಮ್ಮಂದಿರು ಪಾಲಾದ ಹಾಗೆ, ಆದರೆ ಹೆಸರು ಇಬ್ಬರಿಗೂ ಒಂದೇ.

ಹೆಸರೆಂದಾಗ ನೆನಪಾಯಿತು. ಈಗಿನ ಮಂಗಳೂರು ಜಂಕ್ಷನ್ ನಿಲ್ದಾಣಕ್ಕೆ ಮೊದಲು ಕಂಕನಾಡಿ ಅಂತಲೇ ಹೆಸರಿತ್ತಲ್ಲ, ಹೊಸಬರು ಅಲ್ಲಿಳಿದು "ಆಸ್ಪತ್ರೆ ಎಲ್ಲಿ?" ಅಂತ ಕೇಳಿದರೆ ಮತ್ತೆ ರಿಕ್ಷಾ ಹತ್ತಬೇಕಿತ್ತು. ನಮ್ಮ ಮಾವನೂ ಹಾಗೇ, ಗಂಜಿಯ ಫ್ಲಾಸ್ಕು ಹಿಡಿದುಕೊಂಡು ನಿಲ್ದಾಣವೆಲ್ಲ ಸುತ್ತಿ ಬಂದಿದ್ದರು. ಗಂಜಿ ತಣಿಯಲಿಲ್ಲ, ಅದೊಂದು ಪುಣ್ಯ.

ಅಕ್ಕ ಕೊನೆಗೂ ನಾಲ್ಕು ಗುಳಿಗೆ ಎಣಿಸಿ ಬಾಯಿಗೆ ಹಾಕಿಕೊಂಡರು. ಕಾಫಿಗೆ ಕರೆಯೋಣ ಅಂತ ಬಾಯಿ ತೆರೆದವ ಸುಮ್ಮನಾದೆ. ಅರ್ಧ ಗಂಟೆ ಕಳೆಯಲಿ ಅಕ್ಕ, ಆಮೇಲೆ ಬನ್ನಿ.