ಗರಗರ ಮೀಮಾಂಸೆ

ಗ್ರಾಮಫೋನ್ ಪ್ಲೇಟು ಮೇಲೋ ಮೊಬೈಲು ಮೇಲೋ ಎಂಬುದನ್ನು ಬೇರೆ ಊರಿನವರು ಕಿವಿಯಿಂದ ತೀರ್ಮಾನಿಸುತ್ತಾರೆ. ಉಡುಪಿಯವರಿಗೆ ಆ ಅನುಕೂಲವಿಲ್ಲ. ಇಲ್ಲಿ ಯಾವ ಎರಡು ವಸ್ತು ಎದುರಾದರೂ ಮೊದಲು ಭೇದವುಂಟೋ ಇಲ್ಲವೋ ಎಂದು ನಿರ್ಣಯವಾಗಬೇಕು. ಊಟದ ಹೊತ್ತು ಮೀರಿದರೂ ಅಡ್ಡಿಯಿಲ್ಲ.

ಪೂರ್ವಪಕ್ಷ. ಮಣಿಪಾಲದ ಹಾಸ್ಟೆಲುಗಳಲ್ಲಿ ನೆಲೆಗೊಂಡ ಡಿಜಿಟಲ್ ಮತವು ಕಟ್ಟಾ ಅದ್ವೈತ. ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟಿನ ಅಂಕಿಯಾಗಿ ಬರೆದಿಟ್ಟರೆ ಸಿಡಿ. ಅಂಕಿಯ ನಕಲು ಅಂಕಿಯೇ, ಹಾಗಾಗಿ ಮೂಲವೂ ನಕಲೂ ಒಂದೇ. ಭೇದ ಕೇಳಿಸಿದರೆ ಅದು ಅವಿದ್ಯೆಯಿಂದ, ಇಲ್ಲವೇ ಅಗ್ಗದ ಇಯರ್‌ಫೋನಿನಿಂದ.

ಸಿದ್ಧಾಂತ. ಪಾಜಕದ ಮಧ್ವಾಚಾರ್ಯರು ಸಾರಿದ ಪಂಚಭೇದಗಳಲ್ಲಿ ಜಡ-ಜಡ ಭೇದವೂ ಒಂದು: ಒಂದು ಜಡವಸ್ತು ಇನ್ನೊಂದರಂತಲ್ಲ. ಇದಕ್ಕೆ ನಮ್ಮ ಕಾಪುವಿನ ಮನೆಯ ಪ್ಲೇಟೇ ಪ್ರಮಾಣ. ಅದೇ ಹಾಡಿನ ಪ್ಲೇಟು ಪಕ್ಕದ ಮನೆಯಲ್ಲೂ ಇತ್ತು. ಆದರೆ ನಮ್ಮದರಲ್ಲಿ ಮಾತ್ರ ಎರಡನೆಯ ಚರಣಕ್ಕೆ ಮುಳ್ಳು ಸಿಕ್ಕಿಕೊಂಡು ಅರ್ಧ ಶಬ್ದ ಸುತ್ತುತ್ತಲೇ ಇರುತ್ತಿತ್ತು. ದೊಡ್ಡಪ್ಪ ಪೆಟ್ಟಿಗೆಯ ಅಂಚಿಗೆ ಬೆರಳಲ್ಲಿ ಒಮ್ಮೆ ಕುಟ್ಟಬೇಕು, ಆಗ ಹಾಡು ಮುಂದಕ್ಕೆ. ಈಗಲೂ ಆ ಹಾಡು ಎಲ್ಲಾದರೂ ಕಿವಿಗೆ ಬಿದ್ದರೆ ಸರಿಯಾಗಿ ಅದೇ ಜಾಗದಲ್ಲಿ ನನ್ನ ಬೆರಳು ಮೇಜು ಕುಟ್ಟುತ್ತದೆ.

ದ್ರವ್ಯವಿಚಾರ. ಹಳೆಯ 78 ಸುತ್ತಿನ ಪ್ಲೇಟಿನ ಜೀವದ್ರವ್ಯ ಅರಗು. ಪಾಂಡವರನ್ನು ಸುಡಲು ಕಟ್ಟಿದ ಮನೆಯದೂ ಅದೇ. ಆದ್ದರಿಂದ ಈ ಉದ್ಯಮದ ಮೂಲಪುರುಷ ಎಮಿಲ್ ಬರ್ಲಿನರ್ ಅಲ್ಲ, ಆ ಮನೆ ಕಟ್ಟಿದ ಪುರೋಚನ. ಅರಗೆಂದರೆ ಹುಳದ ಸ್ರಾವ, ಆದರೂ ಅದನ್ನು ಮುಟ್ಟುವವರ ಮಡಿ ನೋಡಬೇಕು: ಎರಡು ಅಂಗೈಗಳಲ್ಲಿ ಅಂಚನ್ನಷ್ಟೇ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಮಕ್ಕಳನ್ನು ಜಗಲಿಗೆ ಅಟ್ಟಿ. ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿಯುವುದು ಮಾತ್ರ ಯಾವ ಮಡಿಗೂ ನಿಲ್ಲದು.

ಒಂದು ಬದಿಗೆ ಸುಮಾರು ಮೂರು ನಿಮಿಷ. ಮುದ್ರಿಸುವಾಗ ಹಾಡುವವರು ತಪ್ಪಿದರೆ ನಾದ ಕೊರೆದ ಮೇಣದ ಅಚ್ಚು ಬಿಟ್ಟು ಮೊದಲಿಂದ ಹಾಡಬೇಕು. 1432ರಲ್ಲಿ ಕಾರ್ಕಳದಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ಒಂದೇ ಕಲ್ಲಿನಲ್ಲಿ ಕಡೆದವರಿಗೂ 'ಅನ್‌ಡೂ' ಇರಲಿಲ್ಲ. ಇದಕ್ಕೆ ಏಕಶಿಲಾ ನ್ಯಾಯವೆಂದು ಹೆಸರು (ಇಟ್ಟವನು ನಾನೇ). ತಾಳಮದ್ದಲೆಗೆ ಈ ನ್ಯಾಯ ಒಗ್ಗದು. ಮೂರು ನಿಮಿಷದಲ್ಲಿ ಅರ್ಥಧಾರಿ ಗಂಟಲು ಸರಿಮಾಡಿಕೊಂಡಿರುತ್ತಾರೆ, ಅಷ್ಟೆ.

ಅದಕ್ಕೇ ಕ್ಯಾಸೆಟ್ ಅವತರಿಸಿತು. 1990ರಲ್ಲಿ ತೀರಿಹೋದ ಯಕ್ಷಗಾನ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದಗಳನ್ನು ಕೇಳಲು ಇಂದಿಗೂ ಕ್ಯಾಸೆಟ್ಟಿನ ಋಣ ಬೇಕು. ಆ ಕ್ಯಾಸೆಟ್ಟುಗಳು ಈಗ ಎಂಪಿ3 ಆಗಿವೆ. ಜೋರು ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದು ಹೇಗೂ ಕೇಳದು ಎಂದು ಲೆಕ್ಕಹಾಕಿ ಎಸೆಯುವುದೇ ಎಂಪಿ3ಯ ವಿದ್ಯೆ. 128 ಕಿಲೋಬಿಟ್ಟಿಗೆ ಇಳಿಸಿದರೆ ಸಿಡಿಯ ಹನ್ನೊಂದರಲ್ಲಿ ಒಂದು ಪಾಲು ಉಳಿದೀತು. ಚೆಂಡೆಯ ಮರೆಯಲ್ಲಿ ಯಾರ ಕೆಮ್ಮು, ಯಾವ ಕಡಲೆ ಪೊಟ್ಟಣ ಹೋಯಿತೋ! ಟೇಪಿನ ಸುಯ್ ಎಂಬ ಸದ್ದು ಮಾತ್ರ ಹಾಗೇ ಇದೆ.

ಮೊನ್ನೆ ಮಣಿಪಾಲದಲ್ಲಿ ಓದುವ ಅಣ್ಣನ ಮಗ ಹೊಸ ಟರ್ನ್‌ಟೇಬಲ್ ತಂದ. ಮುಳ್ಳು ಗೀರಿನಿಂದ ಎತ್ತಿದ ನಾದ ಅಲ್ಲೇ ಅಂಕಿಯಾಗಿ, ಬ್ಲೂಟೂತಿನಲ್ಲಿ ಸ್ಪೀಕರಿಗೆ ಹೋಗುತ್ತದಂತೆ.

"ಅಲ್ಲ ಮಾಣಿ, ಮಡಿಯಲ್ಲಿ ಅಡಿಗೆ ಮಾಡಿ ಬಸ್ಸಿನ ಡಿಕ್ಕಿಯಲ್ಲಿ ಪಾರ್ಸೆಲ್ ಕಳಿಸಿದ ಹಾಗಾಯ್ತಲ್ಲ ಇದು?" ಎಂದರು ದೊಡ್ಡಪ್ಪ.

ಆದರೂ ಹಳೆಯ ಪ್ಲೇಟು ತಂದರು. ಯಂತ್ರದಲ್ಲಿ 33 ಮತ್ತು 45 ಸುತ್ತು ಮಾತ್ರ, 78 ಇಲ್ಲ. 45ಕ್ಕಿಟ್ಟರೆ ಹಾಡುವ ಹೆಂಗಸಿನ ಸ್ವರ ಬಣ್ಣದ ವೇಷದ್ದಾಯಿತು. ಎರಡನೆಯ ಚರಣ ಬಂತು, ಮುಳ್ಳು ಸಿಕ್ಕಿಕೊಂಡಿತು. ದೊಡ್ಡಪ್ಪನ ಬೆರಳು ಎದ್ದಿತು.

"ಅಜ್ಜ, ಎಂತ ಮಾಡ್ತೀರಿ? ಹೊಸತು ಅದು!"

ಕುಟ್ಟಿದರು. ಹಾಡು ಮುಂದೆ ಹೋಯಿತು.